ತೊಂಬತ್ತೊಂಬತ್ತು ವರ್ಷದ ಕಾಗದ

ನಾನು ಒಂದು ಗುತ್ತಿಗೆ ಪತ್ರ. ಲೀಸ್ ಕಾಗದ ಅಂದರೆ ಬೇಗ ಗುರುತು ಸಿಗುತ್ತದೆ. ನಾಲ್ಕು ಹಾಳೆ, ಎರಡು ಮೊಹರು, ಮೂಲೆಯಲ್ಲಿ ಒಂದು ತೂತು, ಆ ತೂತಿನಲ್ಲಿ ಬಣ್ಣ ಕಳೆದುಕೊಂಡ ಹಸಿರು ದಾರ. ಇಷ್ಟೇ ನನ್ನ ಮೈ.

ನಾನು ಹುಟ್ಟಿದ್ದು ಗದಗಿನಲ್ಲಿ, ಸಾವಿರದ ಒಂಬೈನೂರ ಇಪ್ಪತ್ತಾರನೇ ಇಸವಿಯ ಮಾರ್ಚ್ ತಿಂಗಳ ಕೊನೆಗೆ, ನೋಂದಣಿ ಕಚೇರಿಯ ಎದುರಿನ ಕಟ್ಟೆಯ ಮೇಲೆ. ಬರೆದವರು ರಾಘಪ್ಪ ಕುಲಕರ್ಣಿ ಎಂಬ ಬಾಂಡ್ ರೈಟರು. ಅವರಿಗೆ ಬಿಸಿಲೆಂದರೆ ಆಗದು. ನೆರಳು ಸರಿದಂತೆಲ್ಲ ತಮ್ಮ ಡೆಸ್ಕನ್ನು ಸರಿಸಿಕೊಳ್ಳುತ್ತ, ಒಂದು ಬೆಳಗು ಪೂರ್ತಿ ನನ್ನನ್ನು ಬರೆದರು. ಹಾಗಾಗಿ ನನ್ನ ಮೊದಲ ಹಾಳೆಯ ಅಕ್ಷರ ಸಾವಧಾನದ್ದು, ನಾಲ್ಕನೆಯ ಹಾಳೆಯದು ಊಟಕ್ಕೆ ಹೊತ್ತಾದವರದು.

ನನ್ನಲ್ಲಿ ಬರೆದದ್ದು ಇಷ್ಟು. ಹಿರೇಬಾವಿಯ ದೇಸಾಯಿ ಅಂದಾನಗೌಡರು ರೈಲು ಹಳಿಯ ಆಚೆಗಿದ್ದ ತಮ್ಮ ಬಯಲಿನಲ್ಲಿ ನಲವತ್ತು ಅಡಿ ಉದ್ದ, ಮೂವತ್ತು ಅಡಿ ಅಗಲದ ಒಂದು ತುಂಡು ನೆಲವನ್ನು ಹತ್ತಿ ಬಿಡಿಸುವ ಜಿನ್ನಿನ ಫಿಟ್ಟರ್ ಮೌನೇಶಪ್ಪ ಬಡಿಗೇರರಿಗೆ ತೊಂಬತ್ತೊಂಬತ್ತು ವರ್ಷದ ಮಟ್ಟಿಗೆ ಗುತ್ತಿಗೆ ಕೊಟ್ಟಿದ್ದಾರೆ. ಬಡಿಗೇರರು ಅಲ್ಲಿ ಮನೆ ಕಟ್ಟಬಹುದು, ಇರಬಹುದು, ಮಕ್ಕಳಿಗೆ ಬಿಡಬಹುದು. ದೇಸಾಯರ ಒಪ್ಪಿಗೆ ಪಡೆದು ಬೇರೆಯವರಿಗೆ ಮಾರಲೂಬಹುದು. ವರ್ಷಕ್ಕೊಮ್ಮೆ ನೆಲದ ಬಾಡಿಗೆ ಕಳಿಸಬೇಕು. ಎರಡು ಸಾವಿರದ ಇಪ್ಪತ್ತೈದನೇ ಇಸವಿ ಮಾರ್ಚ್ ಮೂವತ್ತೊಂದಕ್ಕೆ ಅವಧಿ ಮುಗಿಯುತ್ತದೆ. ಆ ದಿನ ನೆಲವೂ ಅದರ ಮೇಲಿನ ಕಟ್ಟಡವೂ ದೇಸಾಯರ ಮನೆತನಕ್ಕೆ ಮರಳಬೇಕು.

ಸಹಿ ಮಾಡುವ ಹೊತ್ತಿಗೆ ಮೌನೇಶಪ್ಪನವರ ಹೆಂಡತಿ ಕಾಳವ್ವ ಕಟ್ಟೆಯ ಕೆಳಗೆ ನಿಂತಿದ್ದಳು. ಅಲ್ಲಿಂದಲೇ ಕೇಳಿದಳು.

"ಮ್ಯಾಲಿನ ಮನಿ ನಮ್ಮದು, ಕೆಳಗಿನ ನೆಲ ಅವರದು. ಇದೆಂಥಾ ಹಂಚಿಕಿ?"

"ತೊಂಬತ್ತೊಂಬತ್ತು ವರ್ಷ ಅಂದ್ರ ಮೊಮ್ಮಕ್ಕಳ ಕಾಲದ ಮಾತು," ಅಂದರು ಮೌನೇಶಪ್ಪ. "ಆಗ ಅವರು ನೋಡಿಕೊಳ್ತಾರ."

ಮೇಜಿನ ಮೇಲೆ ಮಲಗಿದ ಕಾಗದಕ್ಕೆ ಮನುಷ್ಯರು ಕೆಳಗಿನಿಂದಲೇ ಕಾಣುವುದು. ಮೊದಲು ಗದ್ದ, ಆಮೇಲೆ ಮೂಗಿನ ಹೊರಳೆ, ಕೊನೆಗೆ ಕಣ್ಣು. ಅಂದು ನನಗೆ ಕಂಡದ್ದು ಎರಡು ಗದ್ದ. ದೇಸಾಯರದು ನುಣ್ಣಗೆ ಬೋಳಿಸಿದ್ದು. ಮೌನೇಶಪ್ಪನವರದರಲ್ಲಿ ಎಂಜಿನ್ ಎಣ್ಣೆಯ ಕಲೆಯಿತ್ತು. ಇಬ್ಬರೂ ನಗುತ್ತಿದ್ದರು.

ಬಡಿಗೇರರು ಕಲ್ಲು ಮಣ್ಣಿನ ಮನೆ ಕಟ್ಟಿದರು. ನನ್ನನ್ನು ಒಂದು ತಗಡಿನ ಕೊಳವೆಯಲ್ಲಿ ಸುತ್ತಿಟ್ಟು ತೊಲೆಗೆ ತೂಗುಹಾಕಿದರು. ಮೂವತ್ತೆರಡು ವರ್ಷ ನಾನು ಆ ಕೊಳವೆಯಲ್ಲಿದ್ದೆ. ಮಕ್ಕಳು ಹುಟ್ಟಿದ ಸದ್ದು ಕೇಳಿದೆ, ಜಿನ್ನಿನ ಭೋಂಗಾ ಕೂಗುವುದು ಕೇಳಿದೆ, ರೈಲು ಕೇಳಿದೆ. ಯಾರೂ ನನ್ನನ್ನು ತೆಗೆದು ನೋಡಲಿಲ್ಲ. ಅದು ಒಳ್ಳೆಯ ಕಾಲವೇ. ಮನೆಯವರಿಗೆ ಕಾಗದದ ನೆನಪಾಗಲಿಲ್ಲ ಅಂದರೆ ಮನೆಯಲ್ಲಿ ಎಲ್ಲ ಸರಿಯಿದೆ ಎಂದೇ ಅರ್ಥ.

ಐವತ್ತೆಂಟರಲ್ಲಿ ಬಡಿಗೇರರ ಮಗ ಮನೆ ಮಾರಿದ. ಕೊಂಡವರು ಹೆಣ್ಣುಮಕ್ಕಳ ಶಾಲೆಯ ಮಾಸ್ತರಬಾಯಿ, ಪದ್ಮಾವತಿ ಉಪಾಧ್ಯೆ. ಮೂವತ್ತನಾಲ್ಕು ವರ್ಷದ ಹೆಂಗಸು, ಮದುವೆ ಬೇಡವೆಂದು ಇದ್ದವರು. ನನ್ನನ್ನು ಮೊದಲಿನಿಂದ ಕೊನೆಯವರೆಗೆ ಪೂರ್ತಿ ಓದಿದ ಮೊದಲನೆಯವರು ಅವರು. ಸಾಲಿನ ಕೆಳಗೆ ಬೆರಳಿಟ್ಟು, ತಪ್ಪು ತಿದ್ದುವವರ ಹಾಗೆ ಓದಿದರು. ಎರಡನೆಯ ಹಾಳೆಯಲ್ಲಿ ರಾಘಪ್ಪನವರು 'ಪಶ್ಚಿಮ' ಎಂಬುದನ್ನು ತಪ್ಪಾಗಿ ಬರೆದಿದ್ದರು. ಅಲ್ಲಿ ಬೆರಳು ಸ್ವಲ್ಪ ಹೊತ್ತು ನಿಂತಿತು.

"ಅರವತ್ತೇಳು ವರ್ಷ ಉಳದದ," ಅಂದರು ಬಡಿಗೇರರ ಮಗನಿಗೆ. "ನನಗಷ್ಟು ಸಾಕು. ಆದರ ದೇಸಾಯರ ಒಪ್ಪಿಗಿ ಇಲ್ಲದ ನಾನು ಸಹಿ ಮಾಡೂದಿಲ್ಲ."

ಎತ್ತಿನ ಗಾಡಿ ಮಾಡಿಕೊಂಡು ಹಿರೇಬಾವಿಗೆ ಹೋಗಿ ಒಪ್ಪಿಗೆ ಬರೆಸಿಕೊಂಡೇ ಬಂದರು. ಅದು ನನ್ನ ಬೆನ್ನ ಮೇಲೆ ಇನ್ನೂ ಇದೆ.

ಒಮ್ಮೆ ಪಕ್ಕದ ಮನೆಯಾಕೆ ಇವರನ್ನು ಕೇಳಿದಳು: "ಬಾಯೀ, ಇದು ನಿಮ್ಮ ಸ್ವಂತದ ಮನಿ ಹೌದೋ ಅಲ್ಲೋ?" ಮಾಸ್ತರಬಾಯಿ ಅಕ್ಕಿ ಆರಿಸುತ್ತಲೇ ಹೇಳಿದರು. "ಗೋಡಿ, ಬಾಗಲಾ, ಮಾಳಗಿ ನನ್ನವು. ನೆಲದ ಮ್ಯಾಲೆ ಕೂಡೂ ಹಕ್ಕು ಮಾತ್ರ ವರ್ಷದ ಲೆಕ್ಕದ್ದು. ಬಾಡಿಗಿ ಮನಿಯವರಿಗಿಂತ ಹೆಚ್ಚು, ಸ್ವಂತದವರಿಗಿಂತ ಕಡಿಮಿ. ವರ್ಷ ಕಡಿಮಿ ಆದಂಗ ಬೆಲೆನೂ ಕಡಿಮಿ ಆಗ್ತದ. ಇದನ್ನ ಮರೀಬಾರದು, ಅಷ್ಟ."

ಅವರು ಮರೆಯಲಿಲ್ಲ. ಪ್ರತಿ ಏಪ್ರಿಲ್‌ನಲ್ಲಿ ದೇಸಾಯರಿಗೆ ಮನಿ ಆರ್ಡರ್ ಹೋಗುತ್ತಿತ್ತು. ಎಂಬತ್ತನಾಲ್ಕರಲ್ಲಿ ಅದು ಹಿಂದಿರುಗಿತು. ವಿಳಾಸದಾರರು ಊರಲ್ಲಿಲ್ಲ ಎಂದು ಅಂಚೆಯವರು ಬರೆದಿದ್ದರು. ಮರುವರ್ಷವೂ ಹಾಗೆಯೇ ಆಯಿತು. ಮಾಸ್ತರಬಾಯಿ ಆ ಚೀಟಿಗಳನ್ನು ನನ್ನ ಹಿಂದೆ ಪಿನ್ ಮಾಡಿಟ್ಟರು. ಆ ಪಿನ್ನಿನ ತುಕ್ಕು ನನಗೆ ಇನ್ನೂ ಅಂಟಿದೆ.

ಎಂಬತ್ತೊಂಬತ್ತರಲ್ಲಿ ಅವರಿಗೆ ಅರವತ್ತೈದಾಗಿತ್ತು. ಸಾಂಗಲಿಯ ತಂಗಿಯ ಮನೆಗೆ ಹೋಗಿ ಇರುವ ಮನಸ್ಸಾಯಿತು. ಮನೆ ಕೊಳ್ಳಲು ಬಂದವನು ವಿಠ್ಠಲ ಖಮಿತ್ಕರ ಎಂಬ ಟೇಲರ್, ಸ್ಟೇಶನ್ ರಸ್ತೆಯಲ್ಲಿ ಅಂಗಡಿ ಇದ್ದವನು.

"ಮೂವತ್ತಾರು ವರ್ಷ ಉಳದಾವ, ವಿಠ್ಠಲ. ಅದಕ್ಕ ಬೆಲೆ ಕಡಿಮಿ ಹೇಳೀನಿ," ಅಂದರು ಮಾಸ್ತರಬಾಯಿ. "ದೇಸಾಯರ ಮಂದಿ ಸಿಕ್ಕಿಲ್ಲ ನನಗ. ನೀನು ಹುಡುಕಿ ಅವಧಿ ಮುಂದಕ್ಕ ಹಾಕಿಸಿಕೊ."

ವಿಠ್ಠಲನಿಗೆ ಬೆಲೆ ಕಡಿಮೆ ಎಂಬುದು ಮಾತ್ರ ಕೇಳಿಸಿತು. ಬಾಗಿಲಲ್ಲಿ ಅವನ ಹೆಂಡತಿ ಅನಸೂಯಾ ನಿಂತಿದ್ದಳು. ಇಪ್ಪತ್ತೆಂಟು ವರ್ಷದವಳು, ಕೊರಳಿಗೆ ಅಳತೆಯ ಟೇಪು ಹಾಕಿಕೊಂಡೇ ಬಂದಿದ್ದಳು. ಅವಳಿಗೆ ಪೂರ್ತಿ ಕೇಳಿಸಿತು. ಆದರೆ ಆ ಹೊತ್ತಿಗೆ ಅವಳು ಗೋಡೆಯ ಯಾವ ಮಗ್ಗುಲಿಗೆ ಹೊಲಿಗೆ ಯಂತ್ರ ಇಡುವುದೆಂದು ನೋಡುತ್ತಿದ್ದಳು.

ಮುಂದಿನ ಇಪ್ಪತ್ತೆಂಟು ವರ್ಷ ನಾನು ಆ ಹೊಲಿಗೆ ಯಂತ್ರದ ಡ್ರಾಯರಿನಲ್ಲಿದ್ದೆ. ನನ್ನ ಜೊತೆ ರವಿಕೆಯ ಕಾಗದದ ಕಟಿಂಗುಗಳು, ಸೀಮೆಸುಣ್ಣದ ಚೂರು, ಎಣ್ಣೆಯ ಡಬ್ಬಿ ಇದ್ದವು. ಮೇಲೆ ಯಂತ್ರ ಓಡುವಾಗ ಮೈಯೆಲ್ಲ ನಡುಗುತ್ತಿತ್ತು. ಮೊದಮೊದಲು ಕಷ್ಟವಾಯಿತು. ಆಮೇಲೆ ಅದು ನಿಂತ ದಿನವೇ ಬೇಸರವಾಗತೊಡಗಿತು.

ವಿಠ್ಠಲ ತೀರಿಕೊಂಡ ಮೇಲೆ ಯಂತ್ರ ಹದಿನೈದು ದಿನ ನಿಂತಿತ್ತು. ಹದಿನಾರನೆಯ ದಿನ ಅನಸೂಯಾಬಾಯಿ ಕುಳಿತು ಪೆಡಲ್ ತುಳಿದಳು. ಓಣಿಯ ಅರ್ಧ ಹೆಂಗಸರ ರವಿಕೆಯ ಅಳತೆ ಅವಳಿಗೆ ಬಾಯಿಪಾಠ. ಯಾರು ದಪ್ಪಗಾದರು, ಯಾರು ಇಳಿದರು ಎಂಬುದು ವೈದ್ಯರಿಗಿಂತ ಮೊದಲು ಅವಳಿಗೆ ತಿಳಿಯುತ್ತಿತ್ತು. ಅದನ್ನು ಹೊರಗೆ ಆಡುವವಳಲ್ಲ, ಹಾಗಾಗಿ ಗಿರಾಕಿ ತಪ್ಪಲಿಲ್ಲ.

ಎರಡು ಸಾವಿರದ ಹದಿನೇಳರಲ್ಲಿ ಕೊಪ್ಪಳದಿಂದ ಅವಳ ತಂಗಿ ತಾರಾಬಾಯಿಯ ಫೋನ್ ಬಂತು. ತಾರಾಬಾಯಿಗೆ ಅಲ್ಲಿ ಬಟ್ಟೆ ಅಂಗಡಿ. ಪಕ್ಕದ ಮಳಿಗೆ ಮಾರಾಟಕ್ಕಿದೆ, ನೀನು ಅದನ್ನು ತೆಗೆದುಕೋ, ನಾನು ಬಟ್ಟೆ ಮಾರುತ್ತೇನೆ ನೀನು ಹೊಲಿ, ಇಬ್ಬರೂ ಕೂಡಿ ಇರೋಣ ಅಂದಳು. ಅನಸೂಯಾಬಾಯಿಗೆ ಆಗ ಐವತ್ತಾರು. ಎರಡು ದಿನ ಯೋಚಿಸಿ ಹೂಂ ಅಂದಳು. ಹೂಂ ಅಂದ ಮೇಲೆ ಅವಳ ಪೆಡಲಿನ ಲಯವೇ ಬದಲಾಯಿತು. ಹಾಡು ಗುನುಗುವವರ ಕಾಲಿನ ಹಾಗೆ.

ಮನೆ ಮಾರಲು ಗವಿಸಿದ್ದಪ್ಪ ಎಂಬ ದಲ್ಲಾಳಿ ಬಂದ. ಒಂದು ವಾರದಲ್ಲಿ ಗಿರಾಕಿ ಹುಡುಕಿದ. ಬಸ್ ಕಂಡಕ್ಟರ್ ಇಮ್ತಿಯಾಜ ಮುಲ್ಲಾ ಮತ್ತು ಅವನ ಹೆಂಡತಿ, ಅಂಗನವಾಡಿ ಟೀಚರ್ ಶಮೀಮಬಾನು. ಹದಿನಾಲ್ಕು ವರ್ಷದಿಂದ ಬೆಟಗೇರಿಯ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದವರು. ಶಮೀಮಬಾನು ಮನೆಯೊಳಗೆ ಬಂದವಳೇ ಕಿಟಕಿಯ ಹತ್ತಿರ ನಿಂತು, "ಇಲ್ಲಿ ಬೆಳಕು ಭಾಳ ಬರ್ತದಲ್ರೀ," ಅಂದಳು. ಆಮೇಲೆ ಗೋಡೆಯನ್ನು ಅಂಗೈಯಿಂದ ಮುಟ್ಟುತ್ತ ಮುಟ್ಟುತ್ತ ಮನೆಯನ್ನೆಲ್ಲ ಸುತ್ತಿದಳು. ಅನಸೂಯಾಬಾಯಿ ಅವಳನ್ನೇ ನೋಡುತ್ತಿದ್ದಳು.

ಗುರುವಾರ ಮುಂಗಡ ಎಂದು ಮಾತಾಯಿತು. ಮಂಗಳವಾರ ಬೆಳಿಗ್ಗೆ ಅನಸೂಯಾಬಾಯಿ ಕಾಗದ ಹುಡುಕಲು ಡ್ರಾಯರ್ ಎಳೆದಳು. ಕಟಿಂಗುಗಳ ಕೆಳಗಿದ್ದ ನನ್ನನ್ನು ತೆಗೆದು ಕಟಿಂಗ್ ಮೇಜಿನ ಮೇಲೆ ಹರಡಿದಳು. ಮಡಿಕೆಯಲ್ಲಿ ಮೈ ಸೀಳಿತ್ತು. ಅವಳು ಕತ್ತರಿಯನ್ನೂ ಇಸ್ತ್ರಿ ಪೆಟ್ಟಿಗೆಯನ್ನೂ ನನ್ನ ಎರಡು ಅಂಚಿಗೆ ಇಟ್ಟು ಓದತೊಡಗಿದಳು. ನಾಲ್ಕನೆಯ ಹಾಳೆಗೆ ಬಂದಾಗ ಅವಳ ತುಟಿ ನಿಂತಿತು. ಬೆರಳು ಮಡಿಚಿ ಎಣಿಸಿದಳು. ಮತ್ತೆ ಎಣಿಸಿದಳು. ಎಂಟು.

ಗವಿಸಿದ್ದಪ್ಪನನ್ನು ಕರೆಸಿ ತೋರಿಸಿದಳು. ಅವನು ನಿಂತಲ್ಲೇ ನನ್ನ ಮೇಲೆ ಕಣ್ಣಾಡಿಸಿ ಮಡಿಚಿ ಕೊಟ್ಟ.

"ಅಕ್ಕಾರ, ಇದನ್ನ ಒಳಗ ಇಡ್ರಿ. ನಗರಸಭೆ ಉತಾರದಾಗ ನಿಮ್ಮ ಹೆಸರ ಐತಿ, ಮನಿ ಕರಾ ನೀವ ತುಂಬೀರಿ. ಅವರು ತಮ್ಮ ಸೊಸೈಟಿ ಸಾಲದಾಗ ತೊಗೊಳ್ತಾರ, ಅಲ್ಲಿ ಯಾರೂ ಇಷ್ಟು ಹಿಂದಿಂದು ಕೇಳೂದಿಲ್ಲ."

"ಎಂಟು ವರ್ಷದ ಮ್ಯಾಲೆ ದೇಸಾಯರ ಮಂದಿ ಬಂದ್ರ?"

"ಮೂವತ್ತು ವರ್ಷದಿಂದ ಬರದವರು ಆಗ ಬರ್ತಾರೇನ್ರಿ? ಬಂದ್ರೂ ನೀವು ಕೊಪ್ಪಳದಾಗ ಇರ್ತೀರಿ."

ಅನಸೂಯಾಬಾಯಿ ನನ್ನನ್ನು ಮತ್ತೆ ಮೇಜಿನ ಮೇಲಿಟ್ಟಳು. ಅವನು ಹೋದ ಮೇಲೆ ಹೊಲಿಯಲು ಕುಳಿತಳು. ಆ ಮಧ್ಯಾಹ್ನ ಅವಳು ಒಂದು ರವಿಕೆಯ ಎರಡೂ ತೋಳನ್ನು ಒಂದೇ ಮಗ್ಗುಲಿಗೆ ಕತ್ತರಿಸಿದಳು. ಇಪ್ಪತ್ತೆಂಟು ವರ್ಷದಲ್ಲಿ ನಾನು ಅಂಥದ್ದನ್ನು ಕಂಡಿರಲಿಲ್ಲ. ಅವಳು ಹಾಳಾದ ಬಟ್ಟೆಯನ್ನು ನೋಡಿದಳು, ಕತ್ತರಿ ಕೆಳಗಿಟ್ಟಳು, ನನ್ನನ್ನು ಒಂದು ಕೈಚೀಲಕ್ಕೆ ಹಾಕಿಕೊಂಡು ಎದ್ದಳು.

ಬೆಟಗೇರಿಯ ಆ ಬಾಡಿಗೆ ಮನೆಯಲ್ಲಿ ನನ್ನನ್ನು ಚಾಪೆಯ ಮೇಲೆ ಬಿಡಿಸಿದರು. ಇಮ್ತಿಯಾಜ ಡ್ಯೂಟಿ ಮುಗಿಸಿ ಬಂದಿದ್ದ, ಇನ್ನೂ ಖಾಕಿಯಲ್ಲೇ ಇದ್ದ.

"ಮನಿ ನನ್ನದು. ನೆಲ ನನ್ನದಲ್ಲ," ಅಂದಳು ಅನಸೂಯಾಬಾಯಿ. "ಲೀಜ್ ಮ್ಯಾಲೆ ಐತಿ. ಇನ್ನ ಎಂಟು ವರ್ಷ ಅಷ್ಟ ಉಳದೈತಿ. ಅದಾದಮ್ಯಾಲೆ ಮಾಲಕರು ಬಿಡ್ರಿ ಅಂದ್ರ ಬಿಡಬೇಕಾಗತೈತಿ, ಮನಿನೂ ಸೇರಿ."

ಇಮ್ತಿಯಾಜನ ಗದ್ದ ಬಿಗಿಯಿತು. "ಇದನ್ನ ಮೊದಲ ಹೇಳಬಾರದಿತ್ತೇನ್ರಿ? ನಾನು ಸೊಸೈಟಿಗೆ ಅರ್ಜಿ ಹಾಕಿ ಬಂದೀನಿ."

"ನನಗೂ ಇವತ್ತ ತಿಳದದ್ದು ಅಂದ್ರ ಸುಳ್ಳಾಗತೈತಿ. ಮನಿ ತೊಗೊಳ್ಳೂ ಮುಂದ ಮಾಸ್ತರಬಾಯಿ ಹೇಳಿದ್ರು. ಕೇಳಿದ್ದೆ, ಮರ್ತಿದ್ದೆ."

ಶಮೀಮಬಾನು ನನ್ನ ಕೊನೆಯ ಹಾಳೆಯ ತಾರೀಖಿನ ಮೇಲೆ ಬೆರಳಿಟ್ಟಳು. "ಎಂಟು ವರ್ಷಕ್ಕ ನನ್ನ ಸಣ್ಣಾಕಿ ಹತ್ತನೇ ಇಯತ್ತೆಗೆ ಬರ್ತಾಳ," ಅಂದಳು, ಯಾರಿಗೂ ಅಲ್ಲದ ಹಾಗೆ. "ಆಗ ಮತ್ತ ಸಾಮಾನು ಕಟ್ಟೂದೇನ್ರಿ?"

"ಬ್ಯಾಡ ಅಂದ್ರ ಬ್ಯಾಡ ತಂಗಿ. ನಂದೇನು ಒತ್ತಾಯಿಲ್ಲ." ಅನಸೂಯಾಬಾಯಿ ನನ್ನನ್ನು ಮಡಿಚಿದಳು. ಚಹಾ ಕುಡಿಯದೆ ಹೊರಟಳು.

ಗುರುವಾರ ಮುಂಗಡ ಬರಲಿಲ್ಲ. ಗವಿಸಿದ್ದಪ್ಪ ಬಂದು ಬೇಸರ ಮಾಡಿಕೊಂಡು ಹೋದ. ತಾರಾಬಾಯಿ ಫೋನಿನಲ್ಲಿ, "ನಿನ್ನನ್ನ ಯಾರು ಕೇಳಿದ್ರು ಹೇಳಂತ," ಅಂದಳು. ಅನಸೂಯಾಬಾಯಿ ಫೋನ್ ಇಟ್ಟು ಆ ಹಾಳಾದ ರವಿಕೆಗೆ ಬೇರೆ ಬಟ್ಟೆ ತಂದು ಹೊಸದು ಹೊಲಿದು ಕೊಟ್ಟಳು.

ಶನಿವಾರ ಅಂಗನವಾಡಿ ಬಿಟ್ಟ ಮೇಲೆ ಶಮೀಮಬಾನು ಒಬ್ಬಳೇ ಬಂದಳು. ಚಪ್ಪಲಿ ಬಿಟ್ಟು, ಕಿಟಕಿಯ ಹತ್ತಿರ ಕುಳಿತು, ನೇರವಾಗಿ ಕೇಳಿದಳು.

"ಅಕ್ಕಾ, ಆ ನೆಲದ ಮಾಲಕರು ಈಗ ಎಲ್ಲಿ ಅದಾರ?"

"ಗೊತ್ತಿಲ್ಲವಾ."

"ಹಂಗಾರ ಹುಡುಕೂನು. ಅವರು ನೆಲ ಮಾರ್ತೀನಿ ಅಂದ್ರ ಎಲ್ಲಾನೂ ಕೂಡೇ ತೊಗೊಳ್ತೀವಿ. ಇಲ್ಲಾ ಅಂದ್ರ ಬಿಡ್ತೀವಿ. ಕೇಳದ ಹ್ಯಾಂಗ ಬಿಡೂದು?"

ಸೋಮವಾರ ಇಬ್ಬರೂ ಹಿರೇಬಾವಿಗೆ ಹೊರಟರು. ನಾನು ಕೈಚೀಲದಲ್ಲಿದ್ದೆ. ಆ ಬಸ್ಸಿಗೆ ಅಂದು ಇಮ್ತಿಯಾಜನದೇ ಡ್ಯೂಟಿ. ಅವನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಹೆಂಡತಿಯ ಕೈಯಿಂದ ದುಡ್ಡು ತೆಗೆದುಕೊಂಡು ಎರಡು ಟಿಕೆಟ್ ಹರಿದು ಕೊಟ್ಟು ಮುಂದಿನ ಸೀಟಿಗೆ ನಡೆದ. ಆದರೆ ಮುಂದಿನ ನಿಲ್ದಾಣದಲ್ಲಿ ಕಿಟಕಿಯ ಸೀಟು ಖಾಲಿಯಾದಾಗ, ನುಗ್ಗಿ ಬಂದ ಒಬ್ಬನನ್ನು ತಡೆದು, ಅನಸೂಯಾಬಾಯಿಗೆ ಕೂಡಲು ಹೇಳಿದ.

ಹಿರೇಬಾವಿಯಲ್ಲಿ ದೇಸಾಯರ ವಾಡೆ ಇರಲಿಲ್ಲ. ಇದ್ದ ಜಾಗದಲ್ಲಿ ಹಿಟ್ಟಿನ ಗಿರಣಿ ಇತ್ತು. ಗಿರಣಿಯಾತ ಹಿಟ್ಟು ಮೆತ್ತಿದ ಕೈಯನ್ನು ಒರೆಸಿಕೊಳ್ಳುತ್ತ, ಮನೆತನದಲ್ಲಿ ಉಳಿದವರು ಒಬ್ಬರೇ, ಮಹಾಂತಗೌಡರು, ಧಾರವಾಡದಲ್ಲಿ ಡ್ರಾಯಿಂಗ್ ಮಾಸ್ತರಾಗಿ ರಿಟೈರ್ ಆದರು ಅಂದ. ಫೋನ್ ನಂಬರನ್ನು ಗಿರಣಿಯ ಗೋಡೆಯ ಮೇಲೆ ಬರೆದಿಟ್ಟುಕೊಂಡಿದ್ದ, ಅದನ್ನು ಓದಿ ಹೇಳಿದ. ಫೋನ್ ಮಾಡಿ ವಿಳಾಸ ಮಾತ್ರ ಕೇಳಿಕೊಂಡು ಇಬ್ಬರೂ ಧಾರವಾಡಕ್ಕೆ ಹೋದರು.

ಮಹಾಂತಗೌಡ ದೇಸಾಯರಿಗೆ ಎಪ್ಪತ್ತೆರಡು ವರ್ಷ. ಧಾರವಾಡದ ಒಂದು ಬಾಡಿಗೆ ಮನೆಯ ಮೇಲಿನ ಮಹಡಿಯಲ್ಲಿ ಮಗಳೊಂದಿಗೆ ಇದ್ದರು. ಮೆಟ್ಟಿಲು ಕಡಿದಾಗಿತ್ತು. ಅನಸೂಯಾಬಾಯಿ ನಡುವೆ ಎರಡು ಸಲ ನಿಂತಳು. ಮೇಲೆ ಹೋಗಿ, ನೀರು ಕುಡಿದು, ನನ್ನನ್ನು ಅವರ ಮುಂದೆ ಇಟ್ಟು, "ನಮ್ಮ ಮನಿ ಕೆಳಗಿನ ನೆಲ ನಿಮ್ಮದರಿ. ಅದನ್ನ ಹೇಳಲಿಕ್ಕೆ ಬಂದೀವಿ," ಅಂದಳು.

ಮಹಾಂತಗೌಡರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಕನ್ನಡಕ ಏರಿಸಿ ಓದಿದರು. ಅವರ ಗದ್ದವನ್ನು ನಾನು ಕೆಳಗಿನಿಂದ ನೋಡಿದೆ. ಅಂದು ಕಟ್ಟೆಯ ಮೇಲೆ ಕಂಡ ಗದ್ದದ ಅಚ್ಚೇ ಅದು. ಕೊನೆಯ ಹಾಳೆಯಲ್ಲಿ ಅಜ್ಜನ ಸಹಿಯ ಮೇಲೆ ಅವರ ಬೆರಳು ನಿಂತಿತು.

"ಅಪ್ಪ ಗದಗಿನಾಗ ಒಂದು ಬಯಲು ಇತ್ತು ಅಂತಿದ್ದ. ಎಲ್ಲಾ ಹೋತು ಅಂತ ತಿಳದಿದ್ದೆ," ಅಂದರು. "ಅಜ್ಜನ ಸಹಿ ನಾ ನೋಡೇ ಇರಲಿಲ್ಲ. 'ಅಂ' ಬರಿಯೂದು ನೋಡ್ರಿ ಹ್ಯಾಂಗದ, ಚಿತ್ರ ಇದ್ದಂಗ."

ಒಳಗಿನಿಂದ ಮಗಳು ಬಂದು ಓದಿದಳು. ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ಬೇಗ ತಿಳಿದುಕೊಂಡಳು. "ಅಪ್ಪಾ, ಈಗ ಮಾರಿದ್ರ ನೆಲದ ಬೆಲೆ ಅಷ್ಟ. ಎಂಟು ವರ್ಷ ಸುಮ್ಮನಿದ್ರ ಮನಿನೂ ನಮಗ ಬರ್ತದ. ಕಾಗದದಾಗ ಹಂಗ ಅದ." ಅವಳು ಅದನ್ನು ಮರೆಯಲ್ಲಿ ಹೇಳಲಿಲ್ಲ. ಇಬ್ಬರು ಹೆಂಗಸರ ಎದುರಿಗೇ ಹೇಳಿದಳು.

"ಖರೆ ಹೇಳ್ತಾರ ಅವರು," ಅಂದಳು ಅನಸೂಯಾಬಾಯಿ.

ಶಮೀಮಬಾನು ತಲೆ ತಗ್ಗಿಸಿ ತನ್ನ ಬೆರಳ ಉಗುರು ನೋಡುತ್ತಿದ್ದಳು.

"ನನಗ ಒಂದು ವಾರ ಕೊಡ್ರಿ," ಅಂದರು ಮಹಾಂತಗೌಡರು.

ಆ ವಾರ ಪೂರ್ತಿ ನಾನು ಕಟಿಂಗ್ ಮೇಜಿನ ಮೇಲೆಯೇ ಇದ್ದೆ. ಡ್ರಾಯರಿಗೆ ಹಾಕಲು ಅನಸೂಯಾಬಾಯಿಗೆ ಮನಸ್ಸಾಗಲಿಲ್ಲವೋ ಏನೋ. ಅವಳು ಹೊಲಿಯುತ್ತ ಹೊಲಿಯುತ್ತ ನಡುವೆ ನನ್ನ ಕಡೆ ನೋಡುತ್ತಿದ್ದಳು. ಅವಳ ಅಳುಕು ನನಗೂ ತಗುಲಿತು. ದೇಸಾಯರು ಕಾಯುತ್ತೇನೆ ಅಂದರೆ ಇವಳ ಮನೆಯನ್ನು ಯಾರೂ ಕೊಳ್ಳುವುದಿಲ್ಲ, ಕೊಪ್ಪಳವಿಲ್ಲ, ತಂಗಿಯಿಲ್ಲ. ಅರವತ್ತನಾಲ್ಕನೇ ವಯಸ್ಸಿಗೆ ಬರಿಗೈಯಲ್ಲಿ ಹೊರಗೆ ನಿಲ್ಲಬೇಕು. ಹಾಗೆ ನಿಲ್ಲಿಸುವ ಮಾತು ನನ್ನ ಮೈಮೇಲೆಯೇ ಬರೆದಿತ್ತು. ಕಾಗದಕ್ಕೆ ತನ್ನ ಅಕ್ಷರ ಅಳಿಸಿಕೊಳ್ಳುವ ಶಕ್ತಿಯಿಲ್ಲ. ಇದ್ದಿದ್ದರೆ ಆ ವಾರ ಒಂದು ಸಾಲನ್ನು ಅಳಿಸಿಕೊಂಡುಬಿಡುತ್ತಿದ್ದೆ.

ಎಂಟನೆಯ ದಿನ ಮಹಾಂತಗೌಡರು ತಾವೇ ಗದಗಿಗೆ ಬಂದರು. ಹೆಗಲಿಗೆ ಬಟ್ಟೆಯ ಚೀಲ, ಕೈಯಲ್ಲಿ ಕೋಲು. ಮೊದಲು ಒಳಗೆ ಬರಲಿಲ್ಲ. ಮನೆಯ ಸುತ್ತ ಒಂದು ಸುತ್ತು ಹಾಕಿದರು. ಆಮೇಲೆ ಎದುರಿನ ಕಟ್ಟೆಯ ಮೇಲೆ ಕುಳಿತು, ಚೀಲದಿಂದ ಹಾಳೆ ಪೆನ್ಸಿಲ್ ತೆಗೆದು, ಮನೆಯ ಚಿತ್ರ ಬರೆಯತೊಡಗಿದರು. ಅನಸೂಯಾಬಾಯಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಶಮೀಮಬಾನುವಿಗೆ ಹೇಳಿ ಕಳಿಸಿದಳು. ಚಹಾ ಮಾಡಿದಳು. ಚಹಾ ಆರಿತು, ಮತ್ತೆ ಮಾಡಿದಳು. ಶಮೀಮಬಾನು ಬಂದಳು. ಅವಳ ಹಿಂದೆ ಇಮ್ತಿಯಾಜನೂ ಬಂದ. ಮೂವರೂ ಬಾಗಿಲಲ್ಲಿ ನಿಂತರು.

ಚಿತ್ರ ಮುಗಿಸಿ ಮಹಾಂತಗೌಡರು ಒಳಗೆ ಬಂದು ಕುಳಿತರು.

"ಮಗಳು ಹೇಳಿದ್ದು ಲೆಕ್ಕಕ್ಕ ಸರಿ," ಅಂದರು. "ಆದರ ಎಂಟು ವರ್ಷಕ್ಕ ನನಗ ಎಂಬತ್ತು. ನಲವತ್ತು ವರ್ಷದಾಗ ಹನ್ನೊಂದು ಬಾಡಿಗಿ ಮನಿ ಬದಲಿ ಮಾಡೀನಿ. ಈಗಿನ ಮನಿ ಮೆಟ್ಟಲಾ ನನಗ ಆಗೂದಿಲ್ಲ. ಧಾರವಾಡದಾಗ ಕೆಳಗಿಂದು ಒಂದು ಸಣ್ಣ ಮನಿ ನೋಡೀನಿ. ನೆಲದ ದುಡ್ಡು ಈಗ ಬಂದ್ರ ನನಗ ಅನುಕೂಲ, ಆಗ ಬಂದ್ರ ಯಾತಕ್ಕ?" ಚಹಾ ಒಂದು ಗುಟುಕು ಕುಡಿದು ಮತ್ತೆ ಹೇಳಿದರು. "ಮತ್ತ ನೀವು ಬಂದು ಹೇಳದಿದ್ರ ಇದು ನಂದು ಅಂತ ನನಗ ತಿಳೀತಿತ್ತೇನು? ನನಗ ಹೇಳಿದವರನ್ನ ಹೊರಗ ಹಾಕಿ, ಆ ಮನ್ಯಾಗ ನಾ ಹ್ಯಾಂಗ ಊಟಾ ಮಾಡ್ಲಿ?"

ಮಾತುಕತೆ ಬಹಳ ಹೊತ್ತು ನಡೆಯಿತು, ಯಾರ ದನಿಯೂ ಏರಲಿಲ್ಲ. ಮನೆ ಮತ್ತು ನೆಲ ಎರಡಕ್ಕೂ ಸೇರಿ ಶಮೀಮಬಾನು ಇಮ್ತಿಯಾಜ ಕೊಡುವ ಬೆಲೆಯಲ್ಲಿ ಒಂದು ಪಾಲು ನೆಲದ್ದು ಅಂತ ದೇಸಾಯರಿಗೆ, ಉಳಿದದ್ದು ಮನೆಯದು ಮತ್ತು ಉಳಿದ ವರ್ಷಗಳದು ಅಂತ ಅನಸೂಯಾಬಾಯಿಗೆ ಎಂದು ನಿಂತಿತು. ಅವಳು ಎಣಿಸಿದ್ದಕ್ಕಿಂತ ಅದು ಬಹಳ ಕಡಿಮೆ. ಕೊಪ್ಪಳದ ಮಳಿಗೆ ಪೂರ್ತಿ ಅವಳದಾಗುವುದಿಲ್ಲ, ತಂಗಿಯೊಂದಿಗೆ ಅರ್ಧರ್ಧ. ಹೊಸ ಯಂತ್ರದ ಆಸೆಯನ್ನೂ ಬಿಟ್ಟಳು.

"ಹಳೇದ ಚಲೋ ಓಡತೈತಿ," ಅಂದಳು. ಅದು ಖರೆ. ಅದರ ಕೆಳಗೆ ಮಲಗಿದ್ದವನು ನಾನು.

ನೆಲ ಸ್ವಂತದ್ದಾಗುತ್ತದೆ ಎಂದಾದ ಮೇಲೆ ಇಮ್ತಿಯಾಜನಿಗೆ ಸೊಸೈಟಿಯ ದುಬಾರಿ ಸಾಲ ಬೇಕಾಗಲಿಲ್ಲ. ಬ್ಯಾಂಕೇ ಒಪ್ಪಿತು. ಎಂಟು ವರ್ಷದ ಗುತ್ತಿಗೆಯ ಮೇಲೆ ಇಪ್ಪತ್ತು ವರ್ಷದ ಸಾಲ ಯಾವ ಬ್ಯಾಂಕೂ ಕೊಡುವುದಿಲ್ಲ, ನೆಲ ಇದ್ದರೆ ಮಾತು ಬೇರೆ. ಬ್ಯಾಂಕಿನ ವಕೀಲರು ನನ್ನನ್ನು ಎರಡು ದಿನ ತಮ್ಮಲ್ಲಿ ಇಟ್ಟುಕೊಂಡು, ಬೆನ್ನ ಮೇಲಿನ ಒಪ್ಪಿಗೆಯನ್ನೂ ತುಕ್ಕು ಹಿಡಿದ ಚೀಟಿಗಳನ್ನೂ ಓದಿ, ಎಂಬತ್ತೊಂಬತ್ತರ ಮಾರಾಟಕ್ಕೆ ಇಲ್ಲದ ಒಪ್ಪಿಗೆಯನ್ನು ಮಹಾಂತಗೌಡರಿಂದ ಈಗ ಬರೆಸಿಕೊಂಡು, ಸರಿಯಿದೆ ಅಂದರು.

ನೋಂದಣಿಯ ದಿನ ಎರಡು ಪತ್ರಗಳಾದವು. ಒಂದರಲ್ಲಿ ಮಹಾಂತಗೌಡರು ನೆಲ ಕೊಟ್ಟರು, ಇನ್ನೊಂದರಲ್ಲಿ ಅನಸೂಯಾಬಾಯಿ ಮನೆ ಕೊಟ್ಟಳು. ಎರಡೂ ಶಮೀಮಬಾನು ಇಮ್ತಿಯಾಜರ ಹೆಸರಿಗೆ ಬಂದವು. ಮೇಲೂ ಅವರದು, ಕೆಳಗೂ ಅವರದು ಆದಾಗ ನಡುವೆ ನನಗೆ ಕೆಲಸವಿಲ್ಲ. ಕಂಪ್ಯೂಟರಿನ ಎದುರು ಶಮೀಮಬಾನು ಹೆಬ್ಬೆರಳು ಒತ್ತುವಾಗ ನನ್ನ ಆಯುಷ್ಯ ಮುಗಿಯಿತು. ಬರೆದದ್ದಕ್ಕಿಂತ ಎಂಟು ವರ್ಷ ಮೊದಲೇ. ನನಗೆ ನೋವಾಗಲಿಲ್ಲ. ಹೊರಲಾರದ ಒಂದು ಸಾಲನ್ನು ಯಾರೋ ನನ್ನಿಂದ ಇಳಿಸಿಕೊಂಡ ಹಾಗಾಯಿತು.

ಹೊರಗೆ ಬಂದು ಎಲ್ಲರೂ ಮಂಡಕ್ಕಿ ಮಿರ್ಚಿ ತಿಂದರು. ದೇಸಾಯರು ತಾವು ಬರೆದ ಚಿತ್ರವನ್ನು ಅನಸೂಯಾಬಾಯಿಗೆ ಕೊಟ್ಟರು. ಅವಳು ಅದನ್ನು ನೋಡಿ, "ಯಂತ್ರದ ಮುಂದಿನ ಕಿಟಕಿ ಸ್ವಲ್ಪ ಸಣ್ಣದಾಗೇತ್ರಿ," ಅಂದಳು. ಮಹಾಂತಗೌಡರು ಪೆನ್ಸಿಲ್ ತೆಗೆದು ಅಲ್ಲಿಯೇ ತಿದ್ದಿ ಕೊಟ್ಟರು.

ಹಳೆಯ ಕಾಗದ ಎಂದು ಯಾರೂ ನನ್ನನ್ನು ಎಸೆಯಲಿಲ್ಲ. ಮನೆಯ ಚರಿತ್ರೆ ಇರುವುದು ನನ್ನಲ್ಲಿ, ಅಂಥ ಮೂಲ ಕಾಗದವನ್ನು ಸಾಲ ತೀರುವವರೆಗೆ ಬ್ಯಾಂಕು ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಹಾಗೆ ನಾನು ಒಂದು ಕಂದು ಲಕೋಟೆಯೊಳಗೆ, ಕಬ್ಬಿಣದ ಕಪಾಟಿನ ಮೂರನೆಯ ಖಾನೆಗೆ ಬಂದೆ. ಒಣ ಜಾಗ, ಹುಳವಿಲ್ಲ. ಅಕ್ಕಪಕ್ಕ ಬೇರೆಯವರ ಮನೆಗಳ ಕಾಗದಗಳು. ಹೆಚ್ಚಿನವು ಇತ್ತೀಚಿನವು, ಅಚ್ಚಾದವು. ನನ್ನ ಕೈಬರಹ ಅವುಗಳಿಗೆ ಓದಲು ಬರುವುದಿಲ್ಲ.

ಮೊನ್ನೆ ಏಪ್ರಿಲ್‌ನಲ್ಲಿ, ಎರಡು ಸಾವಿರದ ಇಪ್ಪತ್ತೈದರಲ್ಲಿ, ಲಕೋಟೆಯನ್ನು ತೆರೆದರು. ಮೇಜಿನ ಆಚೆ ಶಮೀಮಬಾನು ಕುಳಿತಿದ್ದಳು. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಮಾಳಿಗೆಯ ಮೇಲೆ ಒಂದು ಕೋಣೆ ಏರಿಸಲು ಇನ್ನೊಂದಿಷ್ಟು ಸಾಲ ಕೇಳಲು ಬಂದಿದ್ದಳು. ಮಗಳಿಗೆ ಓದಲು ಜಾಗ ಬೇಕು ಅಂದಳು. ಅನಸೂಯಾ ಅಕ್ಕ ವರ್ಷಕ್ಕೊಮ್ಮೆ ಕೊಪ್ಪಳದಿಂದ ಬಂದು ಮಗಳಿಗೆ ಡ್ರೆಸ್ ಹೊಲಿದುಕೊಟ್ಟು ಹೋಗುತ್ತಾಳೆ ಎಂದೂ ಹೇಳಿದಳು, ಅದನ್ನು ಯಾರೂ ಕೇಳಿರಲಿಲ್ಲ.

ಹೊಸದಾಗಿ ಬಂದ ಆಫೀಸರು ನನ್ನನ್ನು ತಿರುವಿ ತಿರುವಿ ನೋಡಿದ. "ಮೇಡಂ, ಈ ಲೀಸ್ ಅವಧಿ ಹೋದ ತಿಂಗಳ ಮೂವತ್ತೊಂದಕ್ಕ ಮುಗದೈತಲ್ರಿ."

"ಹೌದೇನ್ರಿ?" ಅಂದಳು ಅವಳು. "ಆವತ್ತು ನಮ್ಮನ್ಯಾಗ ರಂಜಾನ್ ಹಬ್ಬ ಇತ್ತು. ಮಂದಿ ಭಾಳ ಬಂದಿದ್ರು. ಲಕ್ಷ್ಯನ ಇರಲಿಲ್ಲ."

ಆಫೀಸರು ಮುಂದಿನ ಪತ್ರಗಳನ್ನು ನೋಡಿ, ಅದು ಈಗ ಲೆಕ್ಕಕ್ಕಿಲ್ಲ ಎಂದು ತಿಳಿದುಕೊಂಡು, ತಲೆಯಾಡಿಸಿ ಅರ್ಜಿ ತುಂಬತೊಡಗಿದ. ಹೊಸ ಕೋಣೆಯ ಉದ್ದ ಅಗಲ ಕೇಳಿದ. ಅವಳು ಅಂಕಿ ಹೇಳಿ, ಅಷ್ಟಕ್ಕೇ ನಿಲ್ಲದೆ, ಬಾಗಿಲು ಎಲ್ಲಿ, ಮಗಳ ಮೇಜು ಎಲ್ಲಿ, ಬೇಸಿಗೆಯಲ್ಲಿ ಗಾಳಿ ಯಾವ ಕಡೆಯಿಂದ ಬರುತ್ತದೆ ಎಂದು ಬೆರಳಿನಿಂದ ಮೇಜಿನ ಮೇಲೆ ಗೆರೆ ಎಳೆಯುತ್ತ ಹೇಳತೊಡಗಿದಳು. ಗೆರೆ ಎಳೆಯಲು ಮೇಜಿನಲ್ಲಿ ಜಾಗ ಸಾಲಲಿಲ್ಲ. ನನ್ನನ್ನು ಮೆಲ್ಲನೆ ಎತ್ತಿ ಪಕ್ಕಕ್ಕೆ ಸರಿಸಿದಳು.

ನಾನು ಪಕ್ಕದಲ್ಲಿ ಮಲಗಿ ಕೇಳುತ್ತಿದ್ದೆ. ಇಷ್ಟು ವರ್ಷ ನಾನು ಮನುಷ್ಯರಿಗೆ ಎಷ್ಟು ದಿನ ಇರಬಹುದೆಂದು ಹೇಳುತ್ತ ಬಂದೆ. ಅವರು ಒಮ್ಮೆ ಮರೆತರು, ಒಮ್ಮೆ ಬೆರಳು ಮಡಿಚಿ ಎಣಿಸಿದರು, ಒಮ್ಮೆ ನನ್ನನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದರು. ಅಂದು ಶಮೀಮಬಾನು ಮೇಜಿನ ಮೇಲೆ ಕಟ್ಟುತ್ತಿದ್ದ ಕೋಣೆಗೆ ನನ್ನಲ್ಲಿ ಅಳತೆಯಿಲ್ಲ, ಚಕ್ಕಬಂದಿಯಿಲ್ಲ, ತಾರೀಖಿಲ್ಲ. ಆದರೂ ಅದು ನನಗೆ ಚೆನ್ನಾಗಿಯೇ ಕಾಣಿಸಿತು. ಬಾಗಿಲು ತೆರೆದಿತ್ತು, ಗಾಳಿ ಬರುತ್ತಿತ್ತು, ಯಾರೋ ಒಬ್ಬಳು ಮೇಜಿನ ಮುಂದೆ ಕುಳಿತು ಓದುತ್ತಿದ್ದಳು.